ಗಂಟು ಕಟ್ಟಿದ ರೊಟ್ಟಿ

"ಇನ್ನೊಂದೇ ಕೋಣೆ ಅಮ್ಮಾ, ಅದೊಂದು ನೋಡಿಬಿಟ್ರೆ ಕೋಟೆ ಮುಗೀತು," ಎಂದಳು ಶಹ್ಲೋ. ಈ ಮಾತನ್ನು ಅವಳು ಹೇಳುತ್ತಿರುವುದು ನಾಲ್ಕನೆಯ ಸಲ.

ಮಸ್ತೂರಾ ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿದಳು. ಒಳಗೆ ಹಿಂದೆ ಊರಾಳಿದ ಯಾವನೋ ಅಮೀರನ ಜರಿ ನಿಲುವಂಗಿ. ಮೂವತ್ತು ವರ್ಷ ತಾಷ್ಕೆಂಟಿನಲ್ಲಿ ಮದುವೆ ಬಟ್ಟೆ ಹೊಲಿದವಳು ಅವಳು. ಬೇರೆ ದಿನವಾಗಿದ್ದರೆ ಆ ತೋಳಿನ ಹೊಲಿಗೆಯೊಂದನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಇವತ್ತು ಅವಳ ಕಣ್ಣಿಗೆ ಬಿದ್ದದ್ದು ತನ್ನ ಕೈಗಡಿಯಾರ ಮಾತ್ರ. ಹನ್ನೆರಡೂಕಾಲು. ಹನ್ನೆರಡಕ್ಕೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದಳು. ನಾಲ್ಕಕ್ಕೆ ರೈಲು.

ಮಾತು ಕೊಟ್ಟದ್ದು ಅಸ್ಲಿದ್ದೀನನಿಗೆ. ಇದೇ ಬುಖಾರಾದ ಹಳೇ ಊರಿನಲ್ಲಿ ಕುಲುಮೆ ಇಟ್ಟುಕೊಂಡು ಕೊಕ್ಕರೆಯಾಕಾರದ ಕತ್ತರಿ ಮಾಡುವವನು. ಹೋದ ವರ್ಷ ಅಜ್ಜಿಯ ಕಾಲದ ಕತ್ತರಿ ಸಡಿಲವಾದಾಗ ಮಸ್ತೂರಾ ಪರಿಚಯದವರ ಕೈಲಿ ಅವನಿಗೆ ಕಳಿಸಿದ್ದಳು. ಸರಿಯಾಗಿ ವಾಪಸು ಬಂತು. ವಾರ ಬಿಟ್ಟು ಫೋನಿಗೊಂದು ಸಂದೇಶವೂ ಬಂತು: "ಕತ್ತರಿ ಹೇಗಿದೆ?" ಚೆನ್ನಾಗಿದೆ ಎಂದಳು. ಮುಂದಿನ ವಾರ ಮತ್ತೆ, ಅದರ ಮುಂದಿನ ವಾರ ಮತ್ತೆ. ಒಂದು ಕತ್ತರಿಯ ಯೋಗಕ್ಷೇಮವನ್ನು ಯಾರಾದರೂ ವರ್ಷವಿಡೀ ವಿಚಾರಿಸುತ್ತಾರೆಯೇ? ಅವನ ಹೆಂಡತಿ ತೀರಿಕೊಂಡು ಎಂಟು ವರ್ಷ. ಇವಳ ಗಂಡ ಹೋಗಿ ಆರು. ತಿಂಗಳ ಹಿಂದೆ ಕೊನೆಗೂ ಅವನ ಕೈಯಿಂದ ಬೇರೆ ಮಾತು ಹೊರಟಿತು: "ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ. ಅಕ್ಕ ಇರ್ತಾರೆ. ಬರದಿದ್ರೆ ನಾನೇನೂ ಬೇಜಾರು ಮಾಡ್ಕೊಳಲ್ಲ. ಕತ್ತರಿ ವಿಷ್ಯ ಮತ್ತೆ ಕೇಳಲ್ಲ, ಅಷ್ಟೇ."

ಆ 'ಅಷ್ಟೇ' ಮಸ್ತೂರಾಳ ನಿದ್ದೆ ಕೆಡಿಸಿತ್ತು. ಒಬ್ಬಳೇ ಬಂದು ಹೋಗಬೇಕೆಂದಿದ್ದಳು. "ಎರಡು ದಿನ ಬುಖಾರಾ ನೋಡ್ಕೊಂಡು ಬರ್ತೀನಿ" ಎಂದು ಮನೆಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬೇಸತ್ತಿದ್ದ ಶಹ್ಲೋ, "ನಾನೂ ಬರ್ತೀನಿ! ನೀನೊಬ್ಳೇ ಹೋಗಿ ಏನು ನೋಡ್ತೀಯ, ಬಟ್ಟೆ ಅಂಗಡಿ ನೋಡ್ತೀಯ," ಎಂದು ಆ ಸಂಜೆಯೇ ಫೋನಿನಲ್ಲಿ ಉದ್ದನೆಯ ಪಟ್ಟಿ ಮಾಡಿಕೊಂಡು ಕೂತಳು.

ನಿನ್ನೆ ಆ ಪಟ್ಟಿಯ ಪ್ರಕಾರ ಮಿನಾರು, ಮೂರು ಮದರಸಾ, ಒಂದು ಚಿತ್ರಶಾಲೆ ಆಗಿತ್ತು. ಚಿತ್ರಶಾಲೆಯಲ್ಲಿ ಹಳೇ ಪೇಟೆಯ ಚಿತ್ರವೊಂದರ ಮುಂದೆ ಶಹ್ಲೋ ಅರ್ಧ ಗಂಟೆ ಕೂತಳು. ಮಸ್ತೂರಾ ಮಾತ್ರ ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಊಟಕ್ಕೆ ಹೋದಲ್ಲಿ ಪದರ ಪದರವಾಗಿ ಬಡಿಸಿದ್ದ ಪಲಾವನ್ನು, ತಾಷ್ಕೆಂಟಿನ ಅಭ್ಯಾಸದಂತೆ, ಮೈಮರೆತು ಚಮಚದಲ್ಲಿ ಕಲಸಿಬಿಟ್ಟಳು. ಬಡಿಸಿದ ಹೆಂಗಸು ಎದೆ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಮೂರು ಗಂಟೆ ಕಷ್ಟಪಟ್ಟು ಬೇರೆ ಬೇರೆ ಬೇಯಿಸಿದ್ನಲ್ಲಾ ತಾಯಿ!" ಎಂದಳು. ಹೋಟೆಲಿಗೆ ಬಂದ ಮೇಲೆ ತಪ್ಪಿಸಿಕೊಳ್ಳುವ ಯೋಚನೆಯಿಂದ "ನಾಳೆ ನೀನೇ ಸುತ್ತಾಡ್ಕೊಂಡು ಬಾ, ನಂಗೆ ತಲೆನೋವು" ಎಂದರೆ, ಮಗಳು ಚೀಲದಿಂದ ಮೂರು ಬಗೆಯ ಮಾತ್ರೆ ತೆಗೆದು ಯಾವುದು ಬೇಕು ಎಂದು ಕೇಳಿದಳು.

ಈಗ ಕೋಟೆಯ ಕೋಣೆಯಲ್ಲಿ ನಿಂತು ಮಸ್ತೂರಾಳಿಗೆ ಅಳು ಬರುವಂತಾಯಿತು. ಕೈಚೀಲದಿಂದ ಕತ್ತರಿ ಹೊರತೆಗೆದಳು.

"ಇದನ್ನ ಸಾಣೆ ಹಿಡಿಸ್ಬೇಕು. ಮಾಡೋರ ಮನೆ ಇಲ್ಲೇ ಹತ್ರ. ಈಗ್ಲೇ."

"ಕತ್ತರಿ ಹೊತ್ಕೊಂಡು ಬಂದಿದೀಯಾ? ಪ್ರವಾಸಕ್ಕೆ?" ಶಹ್ಲೋ ನಕ್ಕಳು. "ಸರಿ ನಡಿ. ಕುಲುಮೆ ನನ್ನ ಪಟ್ಟಿಲೂ ಇದೆ."

ಮಣ್ಣಿನ ಗೋಡೆಗಳ ಓಣಿಯಲ್ಲಿ ಮಸ್ತೂರಾ ಎಷ್ಟು ಬೀಸಾಗಿ ನಡೆದಳೆಂದರೆ ಮಗಳು ಹಿಂದೆ ಬಿದ್ದಳು. ಇವಳ ಮುಂದೆ ಅವನ ಜೊತೆ ಏನು ಮಾತಾಡುವುದು? ಕತ್ತರಿ ಕೊಡುತ್ತೇನೆ, ಮುಖ ನೋಡುತ್ತೇನೆ, ಅವನಿಗೆ ಅರ್ಥವಾದರೆ ಆಯಿತು, ಇಲ್ಲದಿದ್ದರೆ ನನ್ನ ಹಣೆಬರಹ ಎಂದುಕೊಂಡಳು.

ಬಾಗಿಲು ತೆರೆದದ್ದು ಅಸ್ಲಿದ್ದೀನನ ಅಕ್ಕ ಸಾದತ್. ಎಪ್ಪತ್ತರ ಹತ್ತಿರದ ದಪ್ಪ ಹೆಂಗಸು, ಹಬ್ಬದ ರೇಷ್ಮೆ ಉಟ್ಟಿದ್ದಳು. "ಬನ್ನಿ ಬನ್ನಿ, ಮಗಳನ್ನೂ ಕರ್ಕೊಂಡು ಬಂದ್ರಾ! ಒಳ್ಳೇದೇ ಆಯ್ತು!" ಎಂದು ಇಬ್ಬರನ್ನೂ ತಬ್ಬಿ, ಬೂಟು ಬಿಚ್ಚಿಸಿ, ಒಳಗೆ ರತ್ನಗಂಬಳಿಯ ಮೇಲೆ ಕೂರಿಸಿದಳು. ಅಸ್ಲಿದ್ದೀನ್ ಎದ್ದು ನಿಂತಿದ್ದ. ಫೋಟೊದಲ್ಲಿ ಕಂಡದ್ದಕ್ಕಿಂತ ಕುಳ್ಳ. ಕೈಗಳು ಮಾತ್ರ ದೊಡ್ಡವು, ಎಷ್ಟು ತೊಳೆದರೂ ಹೋಗದ ಮಸಿಯವು. ಚಹಾದ ಪಾತ್ರೆ ಹಿಡಿದು, ಬಿಳಿ ಅಂಗಿ ತೊಟ್ಟ ಮೂವತ್ತರ ಗಂಡಸೊಬ್ಬ ಒಳಬಂದ. "ನನ್ ಮಗ ಫಾರೂಖ್, ಬ್ಯಾಂಕಲ್ಲಿದಾನೆ," ಎಂದಳು ಸಾದತ್.

ಊಟದ ಬಟ್ಟೆಯ ನಡುವೆ, ಒಣದ್ರಾಕ್ಷಿ, ಹಲ್ವಾಗಳ ಮಧ್ಯೆ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ಎರಡು ದುಂಡನೆಯ ರೊಟ್ಟಿಗಳಿದ್ದವು.

ಬರೀ ಊಟಕ್ಕೆ ಯಾರೂ ರೊಟ್ಟಿಯನ್ನು ಗಂಟು ಕಟ್ಟಿಡುವುದಿಲ್ಲ. ಹೆಣ್ಣಿನ ಕಡೆಯವರೊಬ್ಬರು, ಗಂಡಿನ ಕಡೆಯವರೊಬ್ಬರು ಆ ರೊಟ್ಟಿ ಮುರಿದರೆಂದರೆ ಸಂಬಂಧ ಗಟ್ಟಿಯಾಯಿತು; ಆಮೇಲೆ ಹಿಂದೆ ಸರಿಯುವ ಮಾತೇ ಇಲ್ಲ.

"ಅಕ್ಕಾ, ಬೇಡ ಅಂದಿದ್ನಲ್ಲ," ಎಂದು ಅಸ್ಲಿದ್ದೀನ್ ಮೆಲ್ಲಗೆ ಗದರಿದ.

"ನಿನ್ನ ಬಿಟ್ರೆ ಇನ್ನೊಂದು ವರ್ಷ ಕತ್ತರಿ ಹೇಗಿದೆ ಅಂತ ಕೇಳ್ತಾ ಕೂತಿರ್ತೀಯ!"

ಶಹ್ಲೋ ರೊಟ್ಟಿ ನೋಡಿದಳು. ಬಿಳಿ ಅಂಗಿಯ ಫಾರೂಖನನ್ನು ನೋಡಿದಳು. ಅವಳ ಮುಖ ಬೆಳ್ಳಗಾಗಿ, ಮರುಕ್ಷಣ ಕೆಂಪಾಯಿತು. ಹೋದ ವರ್ಷ ಗೆಳತಿಯ ಹುಟ್ಟುಹಬ್ಬವೆಂದು ಕರೆದುಕೊಂಡು ಹೋಗಿ ಅಮ್ಮ ಅವಳನ್ನು ಗಂಡಿನ ಮನೆಯಲ್ಲಿ ಕೂರಿಸಿದ್ದಳು. ಆಮೇಲೆ ಎರಡು ತಿಂಗಳು ತಾಯಿ ಮಗಳಿಗೆ ಮಾತಿರಲಿಲ್ಲ.

"ಮತ್ತೆ ಅದೇ ನಾಟಕ ಅಲ್ವಾಮ್ಮ?" ಎನ್ನುತ್ತ ಎದ್ದು, ಹೊರಗೆ ಜಗುಲಿಗೆ ಹೋಗಿ ಬೂಟಿಗೆ ಕಾಲು ತುರುಕಿದಳು. ಮಸ್ತೂರಾ ಹಿಂದೆಯೇ ಓಡಿದಳು. "ಕತ್ತರಿಯಂತೆ, ಸಾಣೆಯಂತೆ! ಇನ್ಮೇಲೆ ಮಾಡಲ್ಲ ಅಂತ ಆಣೆ ಇಟ್ಟಿದ್ದೆ ನೀನು. ನನ್ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ರೊಟ್ಟಿ ಮುರಿಯೋವರೆಗೂ ಬಂದುಬಿಟ್ರಾ?"

"ನಿನಗಲ್ಲ ಕಣೇ."

"ನನಗಲ್ದೆ ಇನ್ಯಾರಿಗೆ? ಅಲ್ಲಿ ಮದುಮಗನ್ನ ನಿಲ್ಲಿಸ್ಕೊಂಡು—"

"ನಂಗೆ ಸೆಪ್ಟೆಂಬರಲ್ಲೇ ಮದುವೆ ಆಯ್ತು," ಎಂದ ಫಾರೂಖ್, ಚಹಾದ ಪಾತ್ರೆ ಹಿಡಿದೇ ಬಾಗಿಲಲ್ಲಿ ನಿಂತು. "ಹೆಂಡ್ತಿ ತವರಿಗೆ ಹೋಗಿದಾಳೆ."

ಶಹ್ಲೋ ಒಂದು ಕಾಲಿನ ಬೂಟು ಕಟ್ಟಿದವಳು ತಲೆಯೆತ್ತಿದಳು.

"ನನಗೆ," ಎಂದಳು ಮಸ್ತೂರಾ. ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅಂಗಳದ ಪಾರಿವಾಳಗಳು ಎದ್ದು ಹಾರಿದವು. "ರೊಟ್ಟಿ ಇಟ್ಟಿರೋದು ನನಗೆ."

ಶಹ್ಲೋ ತಾಯಿಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. "ವರ್ಷದಿಂದ ಟಿಂಗ್ ಟಿಂಗ್ ಅಂತಿತ್ತಲ್ಲ ಫೋನು," ಎಂದಳು ಕೊನೆಗೆ. "ಗಿರಾಕಿ ಅಂತಿದ್ದೆ ನೀನು. ಅಪ್ಪನ ಫೋಟೊ ಕೆಳಗೇ ಕೂತು ಬರೀತಿದ್ದೆ."

ಮಸ್ತೂರಾಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟೂ ಬಂತು. "ಹೌದು, ಅಲ್ಲೇ ಕೂತು ಬರೀತಿದ್ದೆ. ನಿಮ್ಮಪ್ಪನ್ನ ಮರೆತಿಲ್ಲ ನಾನು. ಆದ್ರೆ ಆ ಫೋಟೊ ಊಟ ಆಯ್ತಾ ಅಂತ ಕೇಳಲ್ಲ. ನೀನು ಅಂಗಡಿಯಿಂದ ಬರೋದು ಒಂಬತ್ತಕ್ಕೆ, ಬಂದು ಮಲಗ್ತೀಯ. ನಂಗಿನ್ನೂ ಐವತ್ತೊಂದು ಕಣೇ. ಹೊಲಿಗೆ ಮಿಷನ್ ಜೊತೆ ಎಷ್ಟೂಂತ ಮಾತಾಡ್ಲಿ?"

ಒಳಗಿನಿಂದ ಸಾದತಳ ದನಿ ಕೇಳಿತು: "ತೆಗೆದಿಡ್ಲಾ ರೊಟ್ಟಿ? ತಪ್ಪಾಯ್ತು ನಂದು, ಆತುರ ಮಾಡ್ದೆ."

"ಬೇಡ ಅಕ್ಕಾ," ಎಂದಳು ಮಸ್ತೂರಾ. "ಇರ್ಲಿ."

ಮಗಳ ಉತ್ತರಕ್ಕೆ ಕಾಯದೆ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಅಸ್ಲಿದ್ದೀನ್ ಬಾದಾಮಿಯ ತಟ್ಟೆಯನ್ನು ಅವಳ ಕಡೆ ಬೆರಳಷ್ಟು ದೂರ ತಳ್ಳಿದ. ಹೊರಗೆ ಸದ್ದೇ ಇಲ್ಲ. ಬೀದಿ ಬಾಗಿಲು ಕಿರುಗುಟ್ಟೀತೆಂದು ಮಸ್ತೂರಾ ಕಿವಿಗೊಟ್ಟು ಕೂತಳು. ಕಿರುಗುಟ್ಟಿದರೂ ಏಳುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಅಷ್ಟು ಗಟ್ಟಿ ಮಾಡಿಕೊಳ್ಳಬೇಕಾಯಿತಲ್ಲ ಎಂದು ದುಃಖವೂ ಆಯಿತು.

ಶಹ್ಲೋ ಒಳಗೆ ಬಂದಳು. ಅಮ್ಮನ ಪಕ್ಕದಲ್ಲಿ ಕೂರಲಿಲ್ಲ. ಅಸ್ಲಿದ್ದೀನನ ಎದುರಿಗೆ, ಹೆಣ್ಣಿನ ಕಡೆಯ ಹಿರಿಯರು ಕೂರುವ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಕಣ್ಣು ಕೆಂಪಗಿತ್ತು.

"ನೀವು ಯಾವ ಮಾತ್ರೆ ತಗೋತೀರಿ?" ಎಂದು ಕೇಳಿದಳು.

ಅಸ್ಲಿದ್ದೀನ್ ಅಕ್ಕನ ಮುಖ ನೋಡಿದ. "ಬಿಪಿದೊಂದು. ಬೆಳಿಗ್ಗೆ."

"ತಪ್ಪದೇ?"

"ಒಂದೊಂದ್ಸಲ ಮರ್ತುಹೋಗತ್ತೆ, ಮಗಳೇ."

"ನಮ್ಮಮ್ಮನೂ ಮರೀತಾರೆ. ಇಬ್ರೂ ಮರೆತ್ರೆ ನೆನಪು ಮಾಡೋರ್ಯಾರು?"

ಅವನು ನಿಜವಾಗಿಯೂ ಯೋಚನೆಗೆ ಬಿದ್ದ. ಪರೀಕ್ಷೆಗೆ ಕೂತವನ ಹಾಗೆ ಹಣೆಯಲ್ಲಿ ಬೆವರು ಮೂಡಿತು. ಶಹ್ಲೋ ಉತ್ತರಕ್ಕೆ ಕಾಯುತ್ತ ಕೂತಳು. ಅವಳ ಎಡಗಾಲಲ್ಲಿ ಬೂಟು ಹಾಗೇ ಇತ್ತು, ಬಿಗಿಯಾಗಿ ಕಟ್ಟಿದ್ದು, ಓಣಿಯ ಮಣ್ಣಿನ ಸಮೇತ ಆ ಮನೆಯ ಕೆಂಪು ರತ್ನಗಂಬಳಿಯ ಮೇಲೆ. ಮಸ್ತೂರಾ ಅದನ್ನು ನೋಡಿದಳು. ಸಾದತಳೂ ನೋಡಿದಳು, ನೋಡಿ, ಹುಡುಗಿಯ ಮುಂದಿದ್ದ ಬಟ್ಟಲಿಗೆ ಚಹಾ ಬಗ್ಗಿಸಿದಳು.