ಕೋಣೆಯ ಮೌನ ಹಿಡಿಯುವಾಗ

ಗಾಜಿನಾಚೆ ಕೆಂಪು ದೀಪ ಹತ್ತಿತು, ಇನ್ನು ಉಸಿರೂ ಕೇಳಿಸಬಾರದು, ಬಿಸೀಚ್, ಕ್ರಿಯಾಪದ, ಹಳೆಯ ಬಳಕೆ, ಅಂಗಲಾಚು, ಕಳಕಳಿಯಿಂದ ಬೇಡಿಕೊಳ್ಳು — ಕಣ್ಣು ಕಾಣದವರಿಗಾಗಿ ಮಾತಾಡುವ ಇಂಗ್ಲಿಷ್-ಕನ್ನಡ ನಿಘಂಟು ಇದು, ಇನ್ನೂ ಬಿ ಅಕ್ಷರದಲ್ಲಿದ್ದೇವೆ, ಮೇಡಂ ಇನ್ನೊಂದ್ಸಲ, ಬೇಡಿಕೊಳ್ಳು ಅನ್ನೋ ಕಡೆ ದನಿ ನಡುಗ್ತಿದೆ, ಎನ್ನುತ್ತಾನೆ ಗಾಜಿನಾಚೆ ಕೂತು ನನ್ನ ದನಿ ಮುದ್ರಿಸಿಕೊಳ್ಳುವವನು, ನಡುಗದೆ ಏನು ಮಾಡೀತು, ಬೆಳಿಗ್ಗೆ ಬಾಗಿಲಲ್ಲಿ ಅಕ್ಕನ ಚಪ್ಪಲಿ ಹೊರಮುಖವಾಗಿತ್ತು, ಇಷ್ಟು ವರ್ಷ ನನ್ನ ಚಪ್ಪಲಿಯ ಪಕ್ಕ ಗೋಡೆಗೆ ಮೂತಿಯಿಟ್ಟು ಕೂತಿದ್ದ ಜೋಡಿ, ಮಧ್ಯಾಹ್ನದ ರೈಲಿಗೆ ಅಣ್ಣನ ಮನೆಗೆ ಹೊರಟಿದ್ದಾಳೆ, ಇನ್ಮೇಲೆ ಅಲ್ಲೇ ಇರ್ತೀನಿ ಅಂತ, ಕಾರಣ ಹೇಳಿದರೆ ಜನ ನಕ್ಕಾರು, ಫ್ಯಾನು, ಅವಳಿಗೆ ಗಾಳಿ ಬೇಕು, ನನಗೆ ಈ ಕೆಲಸಕ್ಕೆ ಗಂಟಲು ಬೇಕು, ರಾತ್ರಿಯೆಲ್ಲ ಗಾಳಿ ಬಡಿದರೆ ದನಿ ಒಡೆಯುತ್ತದೆ, ಆ ಗಂಟಲಿಗೆ ರೇಷ್ಮೆ ಶಾಲು ಹೊದಿಸಿ ಕೂರಿಸ್ಕೋ ಅಂದಳು, ನೀನು ಫ್ಯಾನ್ ಬಿಚ್ಕೊಂಡೇ ಹೋಗು ಅಂದೆ, ಹೋಗು ಅನ್ನುವುದು ಬಾಯಿಗೆ ಎಷ್ಟು ಸಲೀಸು — ಮತ್ತೆ ದೀಪ, ಪದದ ಮೂಲ, ಹುಡುಕು ಎಂಬರ್ಥದ ಹಳೆಯ ಇಂಗ್ಲಿಷ್ ಮಾತು, ಹುಡುಕು ಅನ್ನುವ ಈಗಿನ ಸೀಕ್ ಬಂದದ್ದೂ ಅದರಿಂದಲೇ, ಹುಡುಕುವುದೇ ಬಲಿತು ಬೇಡುವುದಾಯಿತಂತೆ, ಹೌದಲ್ಲ, ಚಿಕ್ಕವಳಿದ್ದಾಗ ಬಸ್ ನಿಲ್ದಾಣದಲ್ಲಿ ನಾನು ಕಳೆದುಹೋದ ದಿನ ಅಕ್ಕ ಕಂಡಕಂಡವರ ತೋಳು ಹಿಡಿದು, ದಮ್ಮಯ್ಯ ಅಂತೀನಿ, ನನ್ನ ತಂಗೀನ ನೋಡಿದ್ರಾ, ದಮ್ಮಯ್ಯ, ನಾನು ಕಂಬದ ಹಿಂದಿನಿಂದ ಕೇಳಿಸಿಕೊಂಡೆ, ಸಿಕ್ಕ ಕೂಡಲೇ ಕೆನ್ನೆಗೊಂದು ಬಾರಿಸಿ ಅಪ್ಪಿಕೊಂಡಳು, ಆ ಬೆವರಿನ ವಾಸನೆ ಈಗಲೂ — ಉದಾಹರಣೆ ಓದಿ ಮೇಡಂ, ಐ ಬಿಸೀಚ್ ಯೂ, ಡು ನಾಟ್ ಗೋ, ಬೇಡಿಕೊಳ್ಳುತ್ತೇನೆ, ಹೋಗಬೇಡ, ಸೂಪರ್ ಮೇಡಂ, ಒಂದೇ ಸಲಕ್ಕೆ ಬಂತು, ಬಂತು, ಹೇಳಬೇಕಾದವಳನ್ನು ಬಿಟ್ಟು ಸದ್ದು ಹೀರಲು ಗೋಡೆಗೆ ಅಂಟಿಸಿದ ಸ್ಪಂಜಿಗೆ ಹೇಳಿದೆ, ಈಗ ಕೋಣೆಯ ಮೌನ ಹಿಡೀತೀನಿ, ಅಲ್ಲಾಡ್ಬೇಡಿ, ಸುಮ್ನಿರಿ, ಪ್ರತಿ ಸಲವೂ ಕೊನೆಗೆ ಇದೊಂದು, ಮಾತಿನ ನಡುವಿನ ತೂತುಗಳಿಗೆ ತೇಪೆ ಹಾಕಲು ಖಾಲಿ ಕೋಣೆಯ ಸದ್ದು ಬೇಕಂತೆ, ಸುಮ್ಮನಿರುವುದು ನನಗೆ ಹೇಳಿಕೊಡಬೇಕೆ, ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅಕ್ಕ ಸೆರಗಿನಿಂದ ಕೈ ಒರೆಸುತ್ತ, ಏನಾದ್ರೂ ಹೇಳೋದಿದ್ಯೇನೇ ಅಂದಳು, ಅವಳ ಚಪ್ಪಲಿ ದಾಟಿ ಬಂದೆ, ಇಷ್ಟೇ ಮೌನ, ಹೀಗೇ, ದೀಪ ಉರಿಯುತ್ತಲೇ ಇದೆ — ಅಕ್ಕಾ — ಅಯ್ಯೋ ಮೇಡಂ, ಮೌನ ಕೆಟ್ಟೋಯ್ತು, ಕೆಡಲಿ, ಹಾಳಾಗಿ ಹೋಗಲಿ, ಕುರ್ಚಿ ಕಿರುಗುಟ್ಟುತ್ತದೆ, ಹೊರಗಿನ ಮೇಜಿನ ಮೇಲಿಟ್ಟಿದ್ದ ಫೋನು ಕಿವಿಗೆ, ರಿಂಗಾಗುತ್ತಿದೆ, ರೈಲಿಗಿನ್ನೂ ಹೊತ್ತಿದೆ, ಎತ್ತೇ, ದಮ್ಮಯ್ಯ, ಎತ್ತೇ, ಬಾಗಿಲಲ್ಲಿ ಇನ್ನೂ ಇದೆಯೋ, ಹೊರಮುಖವಾಗಿ, ಆ ಚಪ್ಪಲಿ, ಹಿಮ್ಮಡಿ ಸವೆದ ಆ ಚಪ್ಪಲಿ