ಗೇಟಿನ ಕಂಬದ ಹಳದಿ

ಊರಿನವರು ಆಕೆಗೆ ಇಟ್ಟ ಹೆಸರು ಕಲ್ಲುಹೂವಮ್ಮ. ಓದಿದ್ದು ಸಸ್ಯಶಾಸ್ತ್ರವಾದರೂ ಗುಲಾಬಿ, ಮಾವು ಅಂತ ತಲೆ ಕೆಡಿಸಿಕೊಂಡವರಲ್ಲ. ಕಲ್ಲಿಗೂ ತೊಗಟೆಗೂ ಅಂಟಿಕೊಂಡು, ಕಂಡವರು ಕೊಳೆ ಅಂದುಕೊಳ್ಳುವ ಕಲ್ಲುಹೂವೆಂದರೆ ಪ್ರಾಣ. "ಅದು ಒಂದು ಜೀವ ಅಲ್ಲ ಕಣ್ರೀ, ಎರಡು!" ಎಂದು ಸಿಕ್ಕಸಿಕ್ಕವರನ್ನು ನಿಲ್ಲಿಸಿ ಹೇಳುವರು. "ಒಬ್ರು ಬೂಷ್ಟು, ಮನೆ ಕಟ್ತಾರೆ; ಇನ್ನೊಬ್ರು ಪಾಚಿ, ಬಿಸಿಲಲ್ಲಿ ಅಡುಗೆ ಮಾಡ್ತಾರೆ. ಬೇರೂ ಇಲ್ಲ, ಬಾಯೂ ಇಲ್ಲ. ಗಾಳಿ ಕೆಟ್ರೆ ಸತ್ತೇ ಹೋಗ್ತವೆ, ಪಾಪ!"

ಈ ಊರಿನ ಗಾಳಿ ಕೆಟ್ಟು ಎಷ್ಟೋ ಕಾಲವಾಗಿತ್ತು. ತಾಮ್ರ ಕರಗಿಸುವ ಕಾರ್ಖಾನೆಯ ಹೊಗೆಗೆ ಮೊದಲು ಮರಗಳ ಮೇಲಿನ ಕಲ್ಲುಹೂವು ಸತ್ತವು, ಆಮೇಲೆ ಗಂಡನ ಎದೆ ಕೆಟ್ಟಿತು. ಡಾಕ್ಟರು ಅವರನ್ನು ಬೆಟ್ಟದ ಮೇಲಿನ ಅಕ್ಕನ ಮನೆಗೆ ಕಳಿಸಿದರು. ಕೆಲಸ ಬಿಡಲಾರದೆ ಈಕೆ ಇಲ್ಲೇ ಉಳಿದರು. ಕಾರ್ಖಾನೆ ಮುಚ್ಚಿದ ಮೇಲೂ ಗಂಡ ಬರಲಿಲ್ಲ. "ಡಾಕ್ಟರು ಈಗ ಪರವಾಗಿಲ್ಲ ಅಂತಾರೆ, ನಂಗೆ ನಂಬಿಕೆ ಇಲ್ಲ. ನಿನ್ನ ಕಲ್ಲುಹೂವು ಬರ್ಲಿ, ಆಗ ನಾನೂ ಬರ್ತೀನಿ" ಎನ್ನುವರು ಫೋನಿನಲ್ಲಿ.

ಒಂದು ಸುಳ್ಳು ಹೇಳಿ ಕರೆಸಿಕೊಳ್ಳಬಹುದಿತ್ತು. ನಾಲಿಗೆ ಏಳಲಿಲ್ಲ. ಪ್ರತಿ ವರ್ಷವೂ ಗುರುತು ಮಾಡಿದ ಅವೇ ಮರಗಳ ಉತ್ತರದ ಮಗ್ಗುಲನ್ನು ಎದೆಯೆತ್ತರದಲ್ಲಿ ಲೆನ್ಸ್ ಹಿಡಿದು ನೋಡುವುದು, "ಇಲ್ಲ" ಎಂದು ಬರೆಯುವುದು. ಆ ಮರಗಳನ್ನು ಬಿಟ್ಟು ಬೇರೆಡೆ ಕಣ್ಣು ಹಾಯಿಸಿದರೆ ಲೆಕ್ಕ ಕೆಟ್ಟೀತೆಂಬ ಹಟ ಬೇರೆ!

ಒಂದು ಬೆಳಿಗ್ಗೆ ಗೇಟಿಗೆ ಬಣ್ಣ ಬಳಿಯಲು ಪೇಂಟರ್ ಬಂದ. ಆಕೆ ಕಾಯುತ್ತಲೇ ಇದ್ದರು.

"ಏನಪ್ಪಾ, ಹೋದ ಸಲ ಕೈಯಲ್ಲಿ ಬ್ರಷ್ ಇತ್ತೋ, ಪೊರಕೆ ಇತ್ತೋ? ಮರದ ಕಂಬದ ಮೇಲೆಲ್ಲ ಹಳದಿ ಚೆಲ್ಲಿದ್ದೀಯ. ಮೊದಲು ಅದನ್ನ ಉಜ್ಜಿ ತೆಗಿ."

ಪೇಂಟರ್ ಉಪ್ಪುಕಾಗದ ಹಿಡಿದು ಕುಕ್ಕರುಗಾಲಲ್ಲಿ ಕೂತ, ತಲೆ ಕೆರೆದುಕೊಂಡ. "ಅಮ್ಮಾ, ನಾನು ಬಳಿದಿದ್ದು ಹಸಿರು. ಹಳದಿ ಡಬ್ಬಿ ತಂದೇ ಇರ್ಲಿಲ್ಲ. ಇದರ ಅಂಚೆಲ್ಲ ಸುಕ್ಕುಸುಕ್ಕಾಗಿದೆ. ಹೋಗ್ಲಿ ಬಿಡಿ, ಉಜ್ತೀನಿ."

"ಮುಟ್ಟಬೇಡ!"

ಆ ಕೂಗಿಗೆ ಎದುರು ಮನೆಯ ಬಾಗಿಲು ತೆರೆಯಿತು. ಆಕೆ ಮಂಡಿಯೂರಿ, ಲೆನ್ಸನ್ನು ಕಣ್ಣಿಗೊತ್ತಿ ಬಗ್ಗಿದರು. ಮಡಿಕೆ ಮಡಿಕೆಯಾದ ಹೊಂಬಣ್ಣದ ಎಲೆಗಳು, ಅವುಗಳ ನಡುವೆ ಪುಟ್ಟಪುಟ್ಟ ಬಟ್ಟಲುಗಳು. ಯಾರೂ ಬಿತ್ತಿರಲಿಲ್ಲ, ಯಾರೂ ನೀರೆರೆದಿರಲಿಲ್ಲ. ಇಷ್ಟು ದೊಡ್ಡ ಆಕಾಶದಲ್ಲಿ ದಾರಿ ಮಾಡಿಕೊಂಡು ಬಂದು, ತಮ್ಮ ಪಾಡಿಗೆ ತಾವು ಬದುಕು ಹೂಡಿದ್ದವು. "ಅಯ್ಯೋ, ಬಂದ್ಬಿಟ್ರಾ! ಊರೆಲ್ಲ ಸುತ್ತಿದೆನಲ್ಲ, ಎಂಥ ಪೆದ್ದಿ ನಾನು!"

ಮರುಗಳಿಗೆಗೇ ಸಂತೋಷ ಇಳಿಯಿತು. ಈ ಹಳದಿ ಜಾತಿ ಗಟ್ಟಿಪಿಂಡ, ಅಷ್ಟಿಷ್ಟು ಕೊಳಕು ಗಾಳಿಯಲ್ಲೂ ಬದುಕೀತು. ಇದನ್ನು ನಂಬಿ ಕಾಯಿಲೆಯ ಎದೆಯನ್ನು ಕರೆಸಿಕೊಳ್ಳುವುದು ಹೇಗೆ? ಮನಸ್ಸು ತಡೆಯದೆ ಲೆನ್ಸನ್ನು ಇನ್ನಷ್ಟು ಕೆಳಗಿಳಿಸಿದರು. ಕಂಬದ ಬಿರುಕಿನಲ್ಲಿ, ನೆರಳಿನಲ್ಲಿ, ರೆಪ್ಪೆಕೂದಲಿಗಿಂತ ತೆಳ್ಳಗೆ ಬೂದು ಎಳೆಗಳು. ಗಡ್ಡದಂತೆ ಜೋಲುವ ಜಾತಿಯ ಕಲ್ಲುಹೂವು! ಎಲ್ಲಕ್ಕಿಂತ ಸೂಕ್ಷ್ಮ, ಹೊಗೆಯಿದ್ದ ಕಡೆ ತಲೆಯೆತ್ತುವುದೇ ಇಲ್ಲ. ಓದಿನ ದಿನಗಳಲ್ಲಿ ಬೆಟ್ಟದ ಮೇಲೆ ಕಂಡಿದ್ದನ್ನು ಬಿಟ್ಟರೆ ಈ ಊರಲ್ಲಿ ಎಂದೂ ಕಂಡಿರಲಿಲ್ಲ. ತಮ್ಮ ಉಸಿರು ತಾಗೀತೆಂದು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಕಣ್ಣು ತುಂಬಿ ಲೆನ್ಸ್ ಮಂಜಾಯಿತು.

ಅಲ್ಲೇ ನೆಲದ ಮೇಲೆ ಕೂತು ಫೋನ್ ಮಾಡಿದರು. "ರೀ..." ಎಂದು ಮೂಗೆಳೆದರು.

"ಯಾಕೆ, ಅಳ್ತಿದ್ದೀಯಾ? ಏನಾಯ್ತೇ?" ಗಂಡನಿಗೆ ಗಾಬರಿ. ಆಮೇಲೆ ಮೆಲ್ಲಗೆ, "ಬಂತಾ?"

"ಹೂಂ. ನಮ್ಮ ಗೇಟಲ್ಲೇ ರೀ."

"ಹಾಗಾದ್ರೆ ಗೇಟು ತೆಗೆದಿಡು" ಎಂದರು ಗಂಡ. "ನಾನು ತಳ್ಳೋಕೆ ಹೋಗಿ ಅದಕ್ಕೇನಾದ್ರೂ ತಾಗೀತು."