ರುಚಿ ನೋಡುವ ಹಾಗಿಲ್ಲ

"ಉಗಿ! ಉಗಿಯೇ ಅಂದ್ರೆ! ನುಂಗಿಬಿಟ್ಯಾ? ಅಯ್ಯೋ ದರಿದ್ರದೋಳೇ, ನುಂಗೇಬಿಟ್ಯಲ್ಲೇ!"

ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ನಾನು ಕೆಲಸಕ್ಕೆ ಸೇರಿದ ಮನೆಯ ದೊಡ್ಡಮ್ಮ ಕೋಲು ಎತ್ತಿ ನನ್ನ ಅಂಗೈ ಕಡೆ ತೋರಿಸುತ್ತಿದ್ದಳು. ನಾನು ಮಾಡಿದ ಮಹಾಪರಾಧ ಇಷ್ಟೇ. ಸೂಪಿನ ಸೌಟಿನಿಂದ ಒಂದು ತೊಟ್ಟು ಅಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿದ್ದೆ. ನಮ್ಮಮ್ಮ ಹಾಗೇ ಮಾಡುತ್ತಿದ್ದಳು, ನಾನೂ ಹಾಗೇ ಕಲಿತೆ. ಗಿರಣಿ ಕ್ಯಾಂಟೀನಿನಲ್ಲಿ ಒಂದೊಂದು ಪಾಳಿಯ ಗಂಡಸರಿಗೂ ಇದೇ ಅಂಗೈಯಿಂದ ರುಚಿ ನೋಡಿ ಬಡಿಸಿದ್ದೇನೆ. ಯಾರೂ ಸಾಯಲಿಲ್ಲ. ಇನ್ನೊಂದು ಸೌಟು ಹಾಕು ಅಂತ ತಟ್ಟೆ ಒಡ್ಡುತ್ತಿದ್ದರು.

ದೊಡ್ಡಮ್ಮನ ಕೂಗಿಗೆ ಸೊಸೆ ಓಡಿ ಬಂದಳು. ಈ ಮನೆಯ ಮೇಡಂ ಅವಳೇ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಆಫೀಸಿಗೆ ಹೊತ್ತಾಗಿತ್ತು. ಅವಳಿಗೆ ಹೊತ್ತಾಗದ ದಿನ ಅಂತ ಒಂದಿರಲಿಲ್ಲ.

"ಏನತ್ತೆ, ಏನಾಯ್ತು?"

"ನೆಕ್ಕಿದಳು ಕಣೇ! ಅವಳ ನಾಲಿಗೆ ನಮ್ಮ ಸೂಪಿನಲ್ಲಿ!"

ಮೇಡಂ ಪಾತ್ರೆಯೊಳಗೆ ಬಗ್ಗಿ ನೋಡಿದಳು. ಇಲಿ ಬಿದ್ದಿದೆಯೇನೋ ಅನ್ನುವ ಹಾಗಿತ್ತು ಮುಖ. "ಚೆಲ್ಲು," ಅಂದಳು. ಬೆಳಗಿನಿಂದ ಕುದಿಸಿದ್ದು ಅಷ್ಟೂ ಗಟಾರದ ಪಾಲಾಯಿತು.

"ನೋಡಮ್ಮ, ನಾನೇನು ಕೆಟ್ಟವಳಲ್ಲ. ಆದ್ರೆ ಕ್ಲೀನು ಅಂತ ಒಂದಿರುತ್ತೆ. ನೀವು ಎಲ್ಲೆಲ್ಲಿಂದ ಬರ್ತೀರೋ, ಏನೇನು ತಿಂದಿರ್ತೀರೋ. ಅಡುಗೆ ಮಾಡೋವಾಗ ಈ ಬಟ್ಟೆ ಬಾಯಿಗೆ ಕಟ್ಕೋ."

"ಮತ್ತೆ ಉಪ್ಪು ಗೊತ್ತಾಗೋದು ಹೇಗೆ ಮೇಡಂ?"

"ಉಪ್ಪು ನೀನು ಮುಟ್ಲೇಬೇಡ. ಉಪ್ಪಿಲ್ದೆ ಮಾಡಿಡು. ನಾವು ಹಾಕ್ಕೋತೀವಿ."

ಅದು ನನ್ನ ಮೊದಲ ದಿನ. ಬಟ್ಟೆಯನ್ನು ಅವಳ ಮುಖದ ಮೇಲೆ ಎಸೆದು ಬರಬೇಕಿತ್ತು, ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಗಿರಣಿ ಮುಚ್ಚಿತು, ಕ್ಯಾಂಟೀನೂ ಮುಚ್ಚಿತು. ನನ್ನ ಗಂಡ ಗಾರೆ ಕೆಲಸದಲ್ಲಿ ಸಾರುವೆ ಮರದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ. ನನಗೆ ಕೆಲಸವಿಲ್ಲದ ದಿನ ಅವನ ಬಾಯಲ್ಲಿ ಬರುವುದು ಒಂದೇ ಮಾತು. "ಮಗಳನ್ನ ಯಾವುದಾದ್ರೂ ಮನೆಗೆಲಸಕ್ಕೆ ಸೇರಿಸೇ. ಅವಳ ಊಟನಾದ್ರೂ ಅಲ್ಲಿ ಕಳೀತದೆ." ಅವನು ಕೆಟ್ಟವನಲ್ಲ, ಹೊಟ್ಟೆ ಮಾತಾಡಿಸುತ್ತದೆ. ಆದರೆ ನನ್ನ ಹುಡುಗಿ ಓದುತ್ತಾಳೆ. ಅಂಗಡಿಯಿಂದ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಾಳೆ. ನನ್ನ ರಟ್ಟೆಯಲ್ಲಿ ಕಸುವಿರುವ ತನಕ ಅವಳು ಇನ್ನೊಬ್ಬರ ಅಡುಗೆಮನೆಯ ಹೊಸಿಲು ತುಳಿಯಬಾರದು ಅಂತ ಆಣೆ ಮಾಡಿಕೊಂಡಿದ್ದೆ. ಅದಕ್ಕೇ ಬಾಯಿಗೆ ಬಟ್ಟೆ ಕಟ್ಟಿಕೊಂಡೆ.

ಈ ಕೆಲಸ ಕೊಡಿಸಿದ್ದು ಮೇಡಂ ಮನೆಯಿರುವ ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಹಾಕುವ ಅಕ್ಕ. ಅವಳ ಹತ್ತಿರ ಹೋಗಿ ಅತ್ತುಕೊಂಡೆ. ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ಬೈದಳು.

"ಅವರ ಬಾಯಿಗೆ ಮಣ್ಣು ಬೀಳ! ಅವರ ಒಳಲಂಗ ನಾನು ಮುಟ್ಟಬಹುದು, ಸೂಪಿಗೆ ಮಾತ್ರ ನಿನ್ನ ನಾಲಿಗೆ ತಾಗಬಾರದಂತೆ. ಇರ್ಲಿ ಬಿಡೇ, ಕೋಳಿ ಕೇಳಿ ಖಾರ ಅರೀತಾರಾ? ಕಟ್ಕೊಂಡು ಮಾಡು. ಮಗಳ ಮುಖ ನೋಡು."

ಮಗಳ ಮುಖ ನೋಡಿಕೊಂಡು ದಿನ ದೂಡಿದೆ. ಸೌಟು ಆಡಿಸುವಾಗ ಬಟ್ಟೆಯ ಒಳಗೆ ಉಸಿರು ಬಿಸಿಯಾಗಿ ಮೂಗಿನ ಕೆಳಗೆ ಬೆವರು ನಿಲ್ಲುತ್ತಿತ್ತು. ನಾಲಿಗೆ ಸುಮ್ಮನಿರುತ್ತಿರಲಿಲ್ಲ, ಹಲ್ಲಿನ ಹಿಂದೆ ಓಡಾಡುತ್ತಿತ್ತು. ಕೈಯನ್ನು ಪದೇ ಪದೇ ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ, ಅಂಗೈ ತಾನಾಗಿ ಮುಂದೆ ಬಂದುಬಿಟ್ಟರೆ ಅಂತ ಭಯ.

ಇನ್ನು ಅವರ ಉಪ್ಪಿನ ಪಾರುಪತ್ಯ ಕೇಳಿ. ಆ ಮನೆಯಲ್ಲಿ ಒಬ್ಬರಿಗೊಬ್ಬರು ಮಾತಾಡುವಷ್ಟು ಪುರುಸೊತ್ತಿಲ್ಲ. ಮೇಡಂ ಫೋನಿನಲ್ಲಿ, ಅವಳ ಗಂಡ ಸಾಹೇಬರು ಫೋನಿನಲ್ಲಿ, ದೊಡ್ಡಮ್ಮ ಟೀವಿಯಲ್ಲಿ. ದೊಡ್ಡಮ್ಮ ಎದ್ದು ಬಂದು ಒಂದು ಹಿಡಿ ಉಪ್ಪು ಹಾಕಿ ಹೋದಳು. ಸಾಹೇಬರು ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ಯಾರನ್ನೋ ಬೈಯುತ್ತ ಬಂದು ಒಂದು ಚಮಚ ಹಾಕಿದರು. ಮೇಡಂ ಬಂದವಳೇ ಕೈಚೀಲ ಇಳಿಸುವ ಮೊದಲು ಇನ್ನಷ್ಟು ಸುರಿದಳು. ಒಂದು ದಿನ ಸಮುದ್ರದ ನೀರು. ಮಾರನೆ ದಿನ ಇನ್ನೊಬ್ಬರು ಹಾಕಿರುತ್ತಾರೆ ಅಂತ ಮೂವರೂ ಬಿಟ್ಟು ಸಪ್ಪೆಯೋ ಸಪ್ಪೆ. ಬೈಗುಳ ಮಾತ್ರ ಎರಡು ದಿನವೂ ನನಗೇ.

"ನಿನ್ನ ಕೈಗೆ ಹದ ಅನ್ನೋದೇ ಇಲ್ಲ," ಅನ್ನುತ್ತಿದ್ದಳು ಮೇಡಂ. ಉಪ್ಪು ಮುಟ್ಟದ ಕೈಗೆ ಹದ ಎಲ್ಲಿಂದ ಬರಬೇಕು!

ಒಂದು ಸಲ ತಡೆಯಲಾರದೆ ಹೇಳಿಯೇಬಿಟ್ಟೆ. "ಸಾಹೇಬ್ರೇ, ದೊಡ್ಡಮ್ಮ ಆಗ್ಲೇ ಉಪ್ಪು ಹಾಕಿದಾರೆ."

ಸಾಹೇಬರು ಒಂದು ಕಿವಿಯದನ್ನು ಕಿತ್ತು ನನ್ನನ್ನು ನೋಡಿದರು. "ನಿಂಗೆ ಹೇಗೆ ಗೊತ್ತು? ಬಾಯಿಗೆ ಹಾಕಿದ್ಯಾ?"

"ಇಲ್ಲ ಸಾಹೇಬ್ರೇ, ಹಾಕಿದ್ದನ್ನ ಕಣ್ಣಾರೆ ನೋಡ್ದೆ."

"ನಾನ್ಯಾವಾಗ ಹಾಕಿದ್ನೇ, ಸುಳ್ಳುಬುರುಕಿ?" ದೊಡ್ಡಮ್ಮ ಟೀವಿಯ ಮುಂದಿನಿಂದಲೇ ಕೂಗಿದಳು. "ನೆಕ್ಕಿರ್ತಾಳೆ ಕಣೋ, ಇಲ್ದಿದ್ರೆ ಉಪ್ಪಿನ ಸುದ್ದಿ ಇವಳಿಗೆ ಯಾಕೆ ಬೇಕು?"

ಆವತ್ತಿನ ಅಡುಗೆಯೂ ಗಟಾರಕ್ಕೆ ಹೋಯಿತು. ಇನ್ನೊಂದು ಸಲ ಉಪ್ಪಿನ ಮಾತೆತ್ತಿದರೆ ಮನೆಗೆ ಹೋಗಬಹುದು ಅಂತ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದಳು.

ಆಮೇಲೊಂದು ದಿನ ಅಪ್ಪನ ಔಷಧಿ ಚೀಟಿ ಹಿಡಿದು ನನ್ನ ಮಗಳು ಅಲ್ಲಿಗೇ ಬಂದುಬಿಟ್ಟಳು. ಬಾಯಿಗೆ ಬಟ್ಟೆ ಕಟ್ಟಿಕೊಂಡ ನನ್ನನ್ನು ನೋಡಿ ಒಂದು ಕ್ಷಣ ಗುರುತೇ ಹಿಡಿಯಲಿಲ್ಲ. ಮೇಡಂ ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ಸಂತೆಯಲ್ಲಿ ಕರುವಿನ ಬಾಯಿ ಬಿಡಿಸಿ ಹಲ್ಲು ನೋಡುವುದೊಂದು ಬಾಕಿ.

"ಚುರುಕಾಗಿದಾಳಲ್ಲೇ ನಿನ್ನ ಮಗಳು! ಪಾತ್ರೆಗೆ ಕಳ್ಸು."

"ಓದ್ತಿದಾಳೆ ಮೇಡಂ."

"ಓದಿ ಏನು ಕಡಿದು ಕಟ್ಟೆ ಹಾಕ್ತಾಳೆ? ಯೋಚ್ನೆ ಮಾಡು."

ಮಗಳನ್ನು ದರದರ ಎಳೆದುಕೊಂಡು ಹೋಗಿ ಮೆಟ್ಟಿಲ ಹತ್ತಿರ ಬಿಟ್ಟು, ಇನ್ನು ಈ ಕಡೆ ತಲೆ ಹಾಕಿದರೆ ಕಾಲು ಮುರೀತೀನಿ ಅಂತ ಬೈದು ಕಳಿಸಿದೆ. ಪಾಪದ್ದು, ಯಾಕೆ ಬೈಸಿಕೊಂಡೆ ಅಂತ ಗೊತ್ತಾಗದೆ ಕಣ್ಣು ತುಂಬಿಕೊಂಡು ಹೋಯಿತು.

ರಜೆಯ ದಿನ ಮಧ್ಯಾಹ್ನದ ಊಟಕ್ಕೆ ಮೇಡಮ್ಮಿನ ಮೇಲಧಿಕಾರಿ ಹೆಂಡತಿಯ ಜೊತೆ ಬರುವವರಿದ್ದರು. ಮೇಡಮ್ಮಿಗೆ ಬಡ್ತಿ ಸಿಗುವುದು ಆತನ ಕೈಯಲ್ಲಿತ್ತಂತೆ. ಬೆಳಗಿನಿಂದ ಮೂವರೂ ಅಡುಗೆಮನೆಗೆ ಬರುವುದೇ, ಮುಚ್ಚಳ ತೆಗೆಯುವುದೇ, ನನ್ನ ಕಾಲು ತುಳಿಯುವುದೇ. ಸೂಪು, ಮಾಂಸ, ತರಕಾರಿ, ಅನ್ನ, ಹಾಲು ಹಣ್ಣಿನ ಸಿಹಿ. ದೊಡ್ಡಮ್ಮ ಬಂದು ಸೂಪಿಗೂ ಮಾಂಸಕ್ಕೂ ಹಿಡಿ ಹಿಡಿ ಉಪ್ಪು ಹಾಕಿದಳು. ಸಾಹೇಬರು ಫೋನಿನಲ್ಲಿ ನಗುತ್ತ ಬಂದು ಹಾಕಿದರು. ಕೊನೆಗೆ ಹೊಸ ಬಟ್ಟೆಯ ಸರಬರ ಸದ್ದು ಮಾಡುತ್ತ ಮೇಡಂ ಬಂದು ಉಪ್ಪಿನ ಡಬ್ಬಿಗೇ ಕೈ ಹಾಕಿದಳು.

ನನ್ನ ಕೈಯ ಚಾಕು ನಿಂತಿತು. ಹೇಳಲೋ ಬೇಡವೋ? ಹೇಳಿದರೆ ನೆಕ್ಕಿದವಳಾಗುತ್ತೇನೆ. ಹೇಳದಿದ್ದರೆ ಹಾಳು ಮಾಡಿದವಳಾಗುತ್ತೇನೆ. ಆದರೂ ತಡೆಯಲಾಗಲಿಲ್ಲ. "ಮೇಡಂ, ಅದಕ್ಕೆ..."

"ಶ್! ಒಂದಕ್ಷರ ಮಾತಾಡ್ಬೇಡ. ಅವರು ಬಂದ್ರು."

ಡಬ್ಬಿ ಬಗ್ಗಿಸಿಯೇಬಿಟ್ಟಳು. ಸರಿ, ಸುರೀರಿ ಅಂದುಕೊಂಡೆ.

ಮೇಲಧಿಕಾರಿ ಮೊದಲ ಚಮಚ ಬಾಯಿಗಿಟ್ಟವನು ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಕಣ್ಣು ಬಿಟ್ಟ. ಅವನ ಹೆಂಡತಿ ಕೆಮ್ಮಿ ಕೆಮ್ಮಿ ನೀರಿನ ಜಗ್ಗನ್ನೇ ಎಳೆದುಕೊಂಡಳು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ.

"ಏಯ್, ಬಾ ಇಲ್ಲಿ!" ಮೇಡಂ ಕೂಗಿದಳು.

ಹೋದೆ.

"ಎಷ್ಟು ಉಪ್ಪು ಸುರಿದಿದೀಯೇ ಇದಕ್ಕೆ?"

ಮೂವರನ್ನೂ ಒಬ್ಬೊಬ್ಬರಾಗಿ ನೋಡಿದೆ. ಸಾಹೇಬರು ತಟ್ಟೆಯೊಳಗೆ ಏನನ್ನೋ ಹುಡುಕತೊಡಗಿದರು. ಮೇಡಮ್ಮಿನ ಕಣ್ಣು ಒಮ್ಮೆ ಗಂಡನ ಕಡೆ, ಒಮ್ಮೆ ಅತ್ತೆಯ ಕಡೆ ಹೋಗಿ ಬಂತು. ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೆಯೇ ಅವಳ ದನಿ ಇನ್ನಷ್ಟು ಏರಿದ್ದು.

"ಈ ಜನಾನೇ ಹೀಗೆ ಸರ್. ಎಷ್ಟು ಕಲಿಸಿದ್ರೂ ಅಷ್ಟೇ. ಏಯ್, ತಪ್ಪಾಯ್ತು ಅನ್ನು ಸರ್‌ಗೆ."

"ತಪ್ಪಾಯ್ತು ಸರ್," ಅಂದೆ. ಹೌದು, ಅಂದೆ. ಒಂದು ಮಾತು ಹೋದರೆ ಹೋಯಿತು, ಕೆಲಸ ಉಳಿದರೆ ಮಗಳು ಉಳಿಯುತ್ತಾಳೆ ಅಂದುಕೊಂಡೆ. ಅಲ್ಲಿಗೆ ಬಿಟ್ಟಿದ್ದರೆ ನಾನು ಇವತ್ತಿಗೂ ಅಲ್ಲೇ ಬಟ್ಟೆ ಕಟ್ಟಿಕೊಂಡು ನಿಂತಿರುತ್ತಿದ್ದೆ.

ಅವಳು ಬಿಡಲಿಲ್ಲ. "ಬರೀ ತಪ್ಪಾಯ್ತು ಅಂದ್ರೆ ಸಾಲದು. ನಾಳೆಯಿಂದ ನಿನ್ನ ಮಗಳು ಬಂದು ಪಾತ್ರೆ ತೊಳೀಲಿ. ಎಳೇದು, ಚೆನ್ನಾಗಿ ಪಳಗುತ್ತೆ. ನಿನ್ನ ಹಾಗೆ ಮೊಂಡು ಬೀಳಲ್ಲ. ಕಳ್ಸಿಲ್ವಾ, ನೀನೂ ಬರ್ಬೇಡ."

"ಒಳ್ಳೇ ಐಡಿಯಾ," ಅಂದಳು ಮೇಲಧಿಕಾರಿಯ ಹೆಂಡತಿ, ನೀರು ಕುಡಿಯುತ್ತ.

ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದೆ. ಮೇಜಿನ ಮೇಲಿದ್ದ ಸೌಟು ತೆಗೆದುಕೊಂಡು ಸೂಪಿನಲ್ಲಿ ಅದ್ದಿ, ಅಂಗೈಗಲ್ಲ, ನೇರ ಬಾಯಿಗಿಟ್ಟು ಕುಡಿದೆ. ಕಹಿ ಉಪ್ಪು, ನಾಲಿಗೆ ಸುಟ್ಟುಹೋಯಿತು. ನುಂಗಿ, ಅದೇ ಸೌಟನ್ನು ಮತ್ತೆ ಅದ್ದಿ ತಿರುವಿದೆ.

"ಇದನ್ನ ಮೂರು ಜನ ಸೇರಿ ಹಾಳು ಮಾಡಿದೀರಿ," ಅಂದೆ.

ಮಾಂಸದ ತುಂಡೊಂದನ್ನು ಕೈಯಲ್ಲೇ ಎತ್ತಿ ಕಚ್ಚಿ, ಉಳಿದರ್ಧವನ್ನು ಅಲ್ಲೇ ಹಾಕಿದೆ. "ಇದೂ ಅಷ್ಟೇ." ತರಕಾರಿ ಬಾಯಿಗೆ ಹಾಕಿಕೊಂಡೆ. ಅನ್ನಕ್ಕೆ ಕೈ ಹಾಕಿ ತುತ್ತು ಮಾಡಿ ತಿಂದೆ. "ಅನ್ನ ಚೆನ್ನಾಗಿ ಬೆಂದಿದೆ."

"ಮುಟ್ಬೇಡ! ಯಾರಾದ್ರೂ ಹಿಡ್ಕೊಳ್ರೋ ಇವಳನ್ನ! ಉಂಡ ಮನೆಗೆ ಎರಡು ಬಗೀತೀಯೇನೇ, ಮುಂಡೆ?" ದೊಡ್ಡಮ್ಮನ ಕೋಲು ನೆಲಕ್ಕೆ ಬಿತ್ತು.

"ಈ ಮನೇಲಿ ನಾನು ಯಾವತ್ತು ಉಂಡೆ ದೊಡ್ಡಮ್ಮ? ಇವತ್ತೇ ಅಲ್ವಾ!"

ಸಿಹಿಯ ಬಟ್ಟಲಿಗೆ ಬೆರಳು ಹಾಕಿ ನೆಕ್ಕಿದೆ. ದೇವರಾಣೆ, ಅದು ತುಂಬ ಚೆನ್ನಾಗಿ ಆಗಿತ್ತು. ಇನ್ನೊಂದು ಸಲ ನೆಕ್ಕಿ, ಬಟ್ಟಲನ್ನು ಮೇಲಧಿಕಾರಿಯ ಮುಂದೆ ಸರಿಸಿದೆ. "ತಿನ್ನಿ ಸರ್, ನಾಚ್ಕೋಬೇಡಿ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ. ನನ್ನ ಮಗಳು ಮಾತ್ರ ಬರಲ್ಲ."

ಯಾರೂ ನನ್ನನ್ನು ಹಿಡಿಯಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಾಗುತ್ತಿತ್ತು.

ಕೆಳಗೆ ಬಂದು ಇಸ್ತ್ರಿ ಅಕ್ಕನ ಕೊಡದಿಂದ ನೀರು ಕುಡಿದೆ. ನಡೆದದ್ದನ್ನು ಕೇಳಿ ಅವಳು ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಹುಚ್ಚಮುಂಡೆ, ಇನ್ನು ಈ ಓಣಿಯಲ್ಲಿ ಯಾರೇ ನಿನ್ನ ಇಟ್ಕೋತಾರೆ?" ಅಂದಳು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಆ ಕಡೆಯಿಂದಲೇ, "ಹಂಗಾದ್ರೆ ಮಗಳು?" ಅಂತ ಕೇಳಿದ.

"ಸ್ಕೂಲಿಗೆ ಹೋಗ್ತಾಳೆ."

"ಎಷ್ಟು ದಿನ?"

ನಾನು ಎದ್ದು ಮಗಳ ಸ್ಕೂಲಿನ ಬಟ್ಟೆ ಒಗೆಯಲು ಹೋದೆ.

ಬೆಳಿಗ್ಗೆ ಅವಳಿಗೆ ಜಡೆ ಹಾಕಿ ಕಳಿಸಿ, ಪಕ್ಕದ ಕಟ್ಟಡದಲ್ಲಿ ಅಡುಗೆಯವಳು ಬೇಕಂತೆ ಅಂತ ಕೇಳಿ ಹೋದೆ. ಬಾಗಿಲು ತೆಗೆದವಳು ಕಂಕುಳಲ್ಲಿ ಮಗು, ಕೈಯಲ್ಲಿ ಫೋನು ಹಿಡಿದು ನಿಂತಿದ್ದಳು. ಫೋನು ನೋಡಿದಳು, ನನ್ನನ್ನು ನೋಡಿದಳು. ಸುದ್ದಿ ನನಗಿಂತ ಮೊದಲೇ ಬಂದಿತ್ತು.

"ಆ ಮನೇಲಿ ಎಲ್ಲಾ ಪಾತ್ರೆಗೂ ಬಾಯಿ ಹಾಕಿದ್ದು ನೀನೇನಾ?"

"ನಾನೇ," ಅಂದೆ. "ಇಲ್ಲೂ ರುಚಿ ನೋಡ್ತೀನಿ. ನೋಡ್ದೆ ಮಾಡಲ್ಲ."

ಅವಳು ಒಳಗೆ ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಅವಳ ಬೆನ್ನ ಹಿಂದೆ ಒಲೆಯ ಮೇಲೆ ಏನೋ ಹೊತ್ತುವ ವಾಸನೆ ಬರುತ್ತಿತ್ತು. ನಾನು ಹೊಸಿಲಿನ ಈಚೆಗೆ ನಿಂತೇ ಇದ್ದೆ.